ಒಳ್ಳೆಯ ಸಾಕ್ಷ್ಯಚಿತ್ರ ಹುಡುಕುವುದು ಹೇಗೆ, ಇನ್ನೊಬ್ಬರಿಗೆ ಹೇಳುವುದು ಹೇಗೆ

"ಒಳ್ಳೆ ಡಾಕ್ಯುಮೆಂಟರಿ ಇದ್ರೆ ಒಂದು ಹೇಳಿ." ಈ ಪ್ರಶ್ನೆ ಪದೇಪದೇ ಬರುತ್ತದೆ. ಮೊದಲೆಲ್ಲ ಹುರುಪಿನಲ್ಲಿ ಹತ್ತು ಹನ್ನೆರಡು ಹೆಸರು ಬರೆದು ಕಳಿಸಿಬಿಡುತ್ತಿದ್ದೆ. ತಿಂಗಳು ಬಿಟ್ಟು ವಿಚಾರಿಸಿದರೆ ಒಂದನ್ನೂ ನೋಡಿರುತ್ತಿರಲಿಲ್ಲ. ಅವರ ತಪ್ಪೇನಿಲ್ಲ ಬಿಡಿ. ಎಲ್ಲಿ ಸಿಗುತ್ತದೆ, ಯಾವ ಭಾಷೆ, ಎಷ್ಟು ಹೊತ್ತು, ಊಟ ಮಾಡುತ್ತಾ ನೋಡಬಹುದಾ, ಇದ್ಯಾವುದನ್ನೂ ಹೇಳದೆ ಬರೀ ಹೆಸರು ಕೊಟ್ಟರೆ ಯಾರು ತಾನೆ ನೋಡುತ್ತಾರೆ?

ಹಾಗಾಗಿ ಈ ಸಲ ಪಟ್ಟಿ ಕೊಡುತ್ತಿಲ್ಲ. ಬೇರೆ ಬೇರೆ ಊರಿನ, ದೇಶದ ಜನರ ಬದುಕು, ಅವರ ಕಷ್ಟ, ಅವರ ಜಗಳ ಇವುಗಳ ಬಗ್ಗೆ ಬಂದಿರುವ ಚಿತ್ರಗಳನ್ನು ನೀವೇ ಹುಡುಕಿಕೊಳ್ಳುವುದು ಹೇಗೆ, ಆಮೇಲೆ ಅದನ್ನು ಅಕ್ಕನಿಗೋ ಗೆಳೆಯನಿಗೋ ಹೇಳುವುದು ಹೇಗೆ ಅಂತ ಬರೆಯುತ್ತೇನೆ. ಹುಲಿ ಚಿರತೆಯ ಚಿತ್ರಗಳು, ಕೊಲೆ ಕೇಸಿನ ಸರಣಿಗಳು ಇಲ್ಲಿಲ್ಲ. ಅವು ನೀವು ಹುಡುಕದಿದ್ದರೂ ನಿಮ್ಮ ಫೋನಿಗೆ ಬಂದು ಬೀಳುತ್ತವೆ.

ಬೇಕಾಗುವ ಸಾಮಾನು ಹೆಚ್ಚೇನಿಲ್ಲ. ಇಂಟರ್ನೆಟ್, ಒಂದು ಇಯರ್‌ಫೋನ್, ಒಂದು ನೋಟ್‌ಬುಕ್. ಸಾಧ್ಯವಾದರೆ ಫೋನಿಗಿಂತ ದೊಡ್ಡ ಪರದೆ, ಯಾಕೆಂದರೆ ಇಂಥ ಚಿತ್ರಗಳಲ್ಲಿ ಅರ್ಧ ವಿಷಯ ಸಬ್‌ಟೈಟಲ್‌ನಲ್ಲಿರುತ್ತದೆ. ದುಡ್ಡು ಆಮೇಲೆ ಬೇಕಾದೀತು, ಶುರುವಿಗೆ ಬೇಡ.

ಹಂತ 1: ನಿಮಗೆ ಗೊತ್ತಿರುವ ಕೆಲಸದಿಂದ ಶುರು ಮಾಡಿ

'ವರ್ಲ್ಡ್ ಕಲ್ಚರ್ ಡಾಕ್ಯುಮೆಂಟರಿ' ಅಂತ ಟೈಪ್ ಮಾಡಿದರೆ ಏನು ಸಿಗುತ್ತದೆ ನೋಡಿ. ಪ್ರವಾಸದ ವ್ಲಾಗ್‌ಗಳು, 'ನೀವು ನಂಬಲಾರದ ಹತ್ತು ಬುಡಕಟ್ಟುಗಳು' ಅನ್ನುವಂಥವು, ಯಂತ್ರದ ದನಿಯಲ್ಲಿ ಓದಿಸಿದ ವಿಡಿಯೋಗಳು. ವಿಷಯ ಅಷ್ಟು ದೊಡ್ಡದಾದಾಗ ಕಸವೇ ಮೇಲೆ ತೇಲುತ್ತದೆ.

ಅದರ ಬದಲು ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಕೆಲಸವನ್ನೋ ಒಂದು ಸಂಕಟವನ್ನೋ ಹಿಡಿದುಕೊಳ್ಳಿ. ಮನೆಯ ಹಿಂದೆ ಜೇನುಪೆಟ್ಟಿಗೆ ಇಟ್ಟವರಿಗೆ 2019ರ 'ಹನಿಲ್ಯಾಂಡ್' ಹೇಳಿ ಮಾಡಿಸಿದ ಹಾಗಿದೆ. ಉತ್ತರ ಮ್ಯಾಸಿಡೋನಿಯಾದ ಒಂದು ಪಾಳುಬಿದ್ದ ಹಳ್ಳಿಯಲ್ಲಿ ಹಾಸಿಗೆ ಹಿಡಿದ ತಾಯಿಯ ಜೊತೆ ಇರುವ ಹೆಂಗಸು, ಜೇನು ತೆಗೆಯುವಾಗ ಅರ್ಧ ತನಗೆ, ಅರ್ಧ ಹುಳಗಳಿಗೆ ಅಂತ ಬಿಡುತ್ತಾಳೆ. ಪಕ್ಕಕ್ಕೆ ಬಂದು ಬಿಡಾರ ಹೂಡಿದ ಸಂಸಾರ ಹಾಗೆ ಬಿಡುವುದಿಲ್ಲ. ಅಷ್ಟೇ ಕಥೆ. ಜೇನಿನ ಕೆಲಸ ಗೊತ್ತಿದ್ದವರಿಗೆ ಮುಂದೇನಾಗುತ್ತದೆ ಅಂತ ಮೊದಲೇ ಹೊಟ್ಟೆಯಲ್ಲಿ ಕಸಿವಿಸಿ ಶುರುವಾಗುತ್ತದೆ.

ನಾಟಿ ಹಾಡು ಕೇಳಿ ಬೆಳೆದವರಾ? ನಾಗಾಲ್ಯಾಂಡಿನ ಫೆಕ್ ಎಂಬಲ್ಲಿ ಮೆಟ್ಟಿಲು ಗದ್ದೆಗಳಲ್ಲಿ ಗುಂಪುಗುಂಪಾಗಿ ಹಾಡುತ್ತಾ ಕೆಲಸ ಮಾಡುವವರ ಬಗ್ಗೆ 2017ರ 'ಖೋ ಕಿ ಪಾ ಲೂ' ಅನ್ನುವ ಚಿತ್ರವಿದೆ. ಇಂಗ್ಲಿಷಿನಲ್ಲಿ ಅದರ ಹೆಸರು 'ಅಪ್ ಡೌನ್ ಅಂಡ್ ಸೈಡ್‌ವೇಸ್'. ಭಾಷೆ ಒಂದಕ್ಷರ ಬರದಿದ್ದರೂ, ಒಬ್ಬರು ಎತ್ತಿದ್ದನ್ನು ಇನ್ನೊಬ್ಬರು ಹಿಡಿಯುವ ರೀತಿ ನಮ್ಮವರಿಗೆ ತಕ್ಷಣ ಗೊತ್ತಾಗುತ್ತದೆ. ಹಿಂದೂಸ್ತಾನಿ ಸಂಗೀತ ಕೇಳುವವರು ಶಬನಮ್ ವಿರ್ಮಾನಿ ಅವರು ಸಂತಕವಿ ಕಬೀರರ ಬಗ್ಗೆ ಮಾಡಿದ ನಾಲ್ಕು ಚಿತ್ರಗಳಿಂದ ಶುರು ಮಾಡಬಹುದು. ಅವರು ಬೆಂಗಳೂರಿನಲ್ಲಿದ್ದುಕೊಂಡೇ ಆ ಕೆಲಸ ಮಾಡಿದವರು, ನಾಲ್ಕರಲ್ಲಿ ಒಂದು ಚಿತ್ರದಲ್ಲಿ ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ ಹುಟ್ಟಿದ ಕುಮಾರ ಗಂಧರ್ವರ ಹಾಡಿಕೆ ನಡುಮಧ್ಯೆ ಬರುತ್ತದೆ.

ಈಗ ಗೊತ್ತಾಯಿತಲ್ಲ? ವಿಷಯ ಚಿಕ್ಕದಾದಷ್ಟೂ ಹುಡುಕಾಟ ಸಲೀಸು.

ಹಂತ 2: ಎಲ್ಲಿ ಹುಡುಕಬೇಕು

ಮೊದಲು ಪುಕ್ಕಟೆ ಸಿಗುವ ಕಡೆ. ಯೂಟ್ಯೂಬಿನಲ್ಲಿ ಜರ್ಮನಿಯ ಡಿಡಬ್ಲ್ಯೂ ಡಾಕ್ಯುಮೆಂಟರಿ ಚಾನೆಲ್ ಇದೆ, ಅಲ್ ಜಜೀರಾದ 'ವಿಟ್ನೆಸ್' ಇದೆ. ಇವೆರಡರಲ್ಲಿ ಬರುವುದು ಹೆಚ್ಚಾಗಿ ಟಿವಿಗೆಂದು ಮಾಡಿದವು, ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ. ರುಚಿ ಹತ್ತಿಸಿಕೊಳ್ಳಲು ಒಳ್ಳೆಯವು. ಆದರೆ ಅಲ್ಲೇ ನಿಂತುಬಿಡಬೇಡಿ, ಸ್ವಲ್ಪ ದಿನದಲ್ಲೇ ಎಲ್ಲವೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಹಾಗೆ ಕಾಣತೊಡಗುತ್ತವೆ.

ಭಾರತದ್ದು ಬೇಕಾದರೆ ಪಬ್ಲಿಕ್ ಸರ್ವಿಸ್ ಬ್ರಾಡ್‌ಕಾಸ್ಟಿಂಗ್ ಟ್ರಸ್ಟ್, ಅಂದರೆ ಪಿಎಸ್‌ಬಿಟಿ, ಹಣ ಕೊಟ್ಟು ಮಾಡಿಸಿದ ಚಿತ್ರಗಳನ್ನು ಯೂಟ್ಯೂಬಿಗೆ ಹಾಕಿದೆ. 1948ರಲ್ಲಿ ಶುರುವಾದ ಫಿಲ್ಮ್ಸ್ ಡಿವಿಷನ್‌ನ ಹಳೆಯವೂ ಸಾಕಷ್ಟು ಸಿಗುತ್ತವೆ. ಆ ಸಂಸ್ಥೆ ಈಗ ಕೇಂದ್ರ ಸರ್ಕಾರದ ಚಲನಚಿತ್ರ ಅಭಿವೃದ್ಧಿ ನಿಗಮ ಎನ್‌ಎಫ್‌ಡಿಸಿಯಲ್ಲಿ ಸೇರಿಹೋಗಿದೆ. ಟಾಕೀಸಿನಲ್ಲಿ ಸಿನಿಮಾಗೆ ಮೊದಲು ಕಪ್ಪುಬಿಳುಪಿನ ರೀಲು ಹಾಕುತ್ತಿದ್ದರಲ್ಲ, ಅದು ಇವರದ್ದೇ. ನಮ್ಮ ಹಿರಿಯರು ಡಾಕ್ಯುಮೆಂಟರಿ ಅಂದ ತಕ್ಷಣ ಆಕಳಿಸುವುದು ಅದರಿಂದಲೇ ಇರಬೇಕು ಅಂತ ನನ್ನ ಗುಮಾನಿ. ಆದರೆ ಆ ರಾಶಿಯಲ್ಲೂ ಮುತ್ತುಗಳಿವೆ, ಹುಡುಕಬೇಕು.

ನಾನು ಎಲ್ಲಕ್ಕಿಂತ ಜಾಸ್ತಿ ಕಾಲ ಕಳೆದಿರುವುದು ಕೆನಡಾದ ನ್ಯಾಷನಲ್ ಫಿಲ್ಮ್ ಬೋರ್ಡ್‌ನ ತಾಣದಲ್ಲಿ. 1939ರಲ್ಲಿ ಶುರುವಾದ ಸರ್ಕಾರಿ ಸಂಸ್ಥೆ, ಸಾವಿರಾರು ಚಿತ್ರಗಳನ್ನು ಪುಕ್ಕಟೆ ನೋಡಲು ಬಿಟ್ಟಿದೆ. ಅಲ್ಲಿ ಅಬೆನಾಕಿ ಮೂಲನಿವಾಸಿ ಸಮುದಾಯದ ನಿರ್ದೇಶಕಿ ಅಲಾನಿಸ್ ಒಬೊಮ್ಸಾವಿನ್ ಅವರ ಹೆಸರು ಹಾಕಿ ಹುಡುಕಿ. 1990ರಲ್ಲಿ ಕ್ವಿಬೆಕ್‌ನ ಓಕಾ ಎಂಬ ಊರಿನವರು ಗಾಲ್ಫ್ ಮೈದಾನ ದೊಡ್ಡದು ಮಾಡಲು ಹೊರಟರು. ಆ ಜಾಗ ನಮ್ಮದು, ನಮ್ಮ ಹಿರಿಯರ ಸಮಾಧಿಗಳಿವೆ ಅಂತ ಅಲ್ಲಿನ ಮೂಲನಿವಾಸಿಗಳಾದ ಮೊಹಾಕ್ ಜನ ಅಡ್ಡ ನಿಂತರು. ಸೈನ್ಯವೂ ಬಂತು, 78 ದಿನ ನಡೆಯಿತು. ಒಬೊಮ್ಸಾವಿನ್ ಕ್ಯಾಮೆರಾ ಹಿಡಿದು ಬೇಲಿಯ ಒಳಗಡೆ, ಮೊಹಾಕರ ಜೊತೆ ಉಳಿದುಕೊಂಡರು. 'ಕನೆಸಟಾಕೆ' ಅನ್ನುವ ಆ ಚಿತ್ರ 1993ರದ್ದು, ಎರಡು ಗಂಟೆ ಇದೆ. ಬೇಲಿಯ ಹೊರಗಿನಿಂದ ತೆಗೆದ ಸುದ್ದಿಗೂ ಇದಕ್ಕೂ ಏನು ವ್ಯತ್ಯಾಸ ಅಂತ ಹತ್ತೇ ನಿಮಿಷದಲ್ಲಿ ತಿಳಿಯುತ್ತದೆ.

ದುಡ್ಡು ಕೊಡುವ ಕಡೆ ನೆಟ್‌ಫ್ಲಿಕ್ಸ್, ಮುಬಿ ಇವೆ. ಅಮೆರಿಕ, ಕೆನಡಾದಲ್ಲಿರುವ ಕನ್ನಡಿಗರು ಕ್ಯಾನೊಪಿ ಅನ್ನುವುದನ್ನು ಮೊದಲು ನೋಡಿ. ನಿಮ್ಮ ಊರಿನ ಸಾರ್ವಜನಿಕ ಲೈಬ್ರರಿ ಅದಕ್ಕೆ ಸೇರಿದ್ದರೆ ಲೈಬ್ರರಿ ಕಾರ್ಡೇ ಸಾಕು, ಬೇರೆ ಹಣ ಬೇಡ.

ಬೆಂಗಳೂರಿನಲ್ಲಿದ್ದರೆ ಬನಶಂಕರಿಯ ಸುಚಿತ್ರಾ, ದೊಮ್ಮಲೂರಿನ ಬಿಐಸಿ ಅಂದರೆ ಬೆಂಗಳೂರು ಇಂಟರ್‌ನ್ಯಾಷನಲ್ ಸೆಂಟರ್, ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನ, ಈ ಮೂರರ ಕಾರ್ಯಕ್ರಮ ಪಟ್ಟಿಯ ಮೇಲೆ ಒಂದು ಕಣ್ಣಿಟ್ಟಿರಿ. ಕೆಲವು ಸಲ ನಿರ್ದೇಶಕರೇ ಬಂದಿರುತ್ತಾರೆ, ಚಿತ್ರ ಮುಗಿದ ಮೇಲೆ ಮಾತಾಡಬಹುದು.

ಇನ್ನೊಂದು ಉಪಾಯ, ಇದನ್ನು ಜಾಸ್ತಿ ಜನ ಬಳಸುವುದಿಲ್ಲ. ಚಿತ್ರೋತ್ಸವಗಳ ಹಳೆಯ ವರ್ಷಗಳ ಪಟ್ಟಿ ತೆಗೆದು ನೋಡಿ. ಮುಂಬೈನ ಮಿಫ್, ತಿರುವನಂತಪುರದಲ್ಲಿ ಕೇರಳ ಚಲಚಿತ್ರ ಅಕಾಡೆಮಿ ನಡೆಸುವ ಉತ್ಸವ, ಕಠ್ಮಂಡುವಿನ ಫಿಲ್ಮ್ ಸೌತ್ ಏಷ್ಯಾ, ಜಪಾನಿನ ಯಮಗಾಟಾ, ಆಮ್‌ಸ್ಟರ್‌ಡ್ಯಾಮ್‌ನ ಇಡ್ಫಾ. ಈ ವರ್ಷದ್ದು ಬೇಡ, ಅವು ಇನ್ನೂ ಎಲ್ಲೂ ಸಿಗುವುದಿಲ್ಲ. ನಾಲ್ಕೈದು ವರ್ಷ ಹಿಂದಿನದ್ದು ತೆಗೆದುಕೊಳ್ಳಿ. ಆ ಹೊತ್ತಿಗೆ ಎಷ್ಟೋ ಚಿತ್ರಗಳು ಆನ್‌ಲೈನ್‌ಗೆ ಬಂದಿರುತ್ತವೆ. ಒಂದೊಂದು ಚಿತ್ರಕ್ಕೂ ನಾಲ್ಕು ಸಾಲು ಪರಿಚಯ ಇರುತ್ತದೆ, ಓದಿ ಕುತೂಹಲ ಹುಟ್ಟಿದ ಐದು ಹೆಸರು ಬರೆದುಕೊಳ್ಳಿ.

ಹಂತ 3: ಹೆಸರು ಸಿಕ್ಕಿತು, ಚಿತ್ರ ಸಿಗುತ್ತಿಲ್ಲ

ಇಲ್ಲೇ ಜನ ಕೈಬಿಡುವುದು. ಈ ಕ್ರಮದಲ್ಲಿ ಹೋಗಿ.

ಚಿತ್ರದ ಹೆಸರಿನ ಜೊತೆ ನಿರ್ದೇಶಕರ ಹೆಸರನ್ನೂ ಹಾಕಿ. ಒಂದೇ ಹೆಸರಿನ ಹತ್ತು ಚಿತ್ರ ಇರುತ್ತವೆ. ಆಮೇಲೆ ಮೂಲ ಭಾಷೆಯ ಹೆಸರು ಹಾಕಿ, ಹನಿಲ್ಯಾಂಡ್ ಮ್ಯಾಸಿಡೋನಿಯನ್ ಭಾಷೆಯಲ್ಲಿ 'ಮೆದೆನಾ ಝೆಮ್ಯಾ'. ಯೂಟ್ಯೂಬಿನ ಫಿಲ್ಟರ್‌ನಲ್ಲಿ 20 ನಿಮಿಷಕ್ಕಿಂತ ಉದ್ದದ ವಿಡಿಯೋ ಅಂತ ಆರಿಸಿದರೆ ಟ್ರೇಲರ್‌ಗಳೆಲ್ಲ ಜರಡಿ ಹಿಡಿದಂತೆ ಉದುರಿ ಹೋಗುತ್ತವೆ. ಜಸ್ಟ್‌ವಾಚ್ ಅನ್ನುವ ತಾಣದಲ್ಲಿ ದೇಶ 'ಇಂಡಿಯಾ' ಅಂತ ಇಟ್ಟು ಹುಡುಕಿದರೆ ಯಾವ ಓಟಿಟಿಯಲ್ಲಿದೆ ಅಂತ ತೋರಿಸುತ್ತದೆ. ಅಲ್ಲೂ ಇಲ್ಲವಾ? ನಿರ್ದೇಶಕರ ಸ್ವಂತ ತಾಣ ಅಥವಾ ವಿಮಿಯೋ ಅನ್ನುವ ವಿಡಿಯೋ ತಾಣ ನೋಡಿ. ಸಣ್ಣ ಚಿತ್ರಗಳ ನಿರ್ದೇಶಕರಿಗೆ ಎರಡು ಸಾಲು ಮೇಲ್ ಬರೆದರೆ ಎಷ್ಟೋ ಸಲ ಉತ್ತರ ಬರುತ್ತದೆ, ನೋಡಲು ಲಿಂಕನ್ನೂ ಕೊಡುತ್ತಾರೆ. ನಿಜವಾಗಲೂ.

ಎಚ್ಚರಿಕೆ: 'ಈ ವಿಡಿಯೋ ನಿಮ್ಮ ದೇಶದಲ್ಲಿ ಲಭ್ಯವಿಲ್ಲ' ಅಂತ ಬಂದರೆ ಅದು ಜಿಯೋಬ್ಲಾಕ್, ಅಂದರೆ ಆ ಚಿತ್ರದ ಹಕ್ಕು ಕೆಲವು ದೇಶಗಳಿಗೆ ಮಾತ್ರ ಮಾರಾಟವಾಗಿದೆ. ಆಗ ಟೆಲಿಗ್ರಾಂ ಗುಂಪಿಗೆ ಓಡಬೇಡಿ. ಕಳ್ಳ ಕಾಪಿಯಲ್ಲಿ ಸಬ್‌ಟೈಟಲ್ ಹಿಂದೆ ಮುಂದೆ ಆಗಿರುತ್ತದೆ, ಎಷ್ಟೋ ಸಲ ಚಿತ್ರವನ್ನೇ ಕತ್ತರಿಸಿರುತ್ತಾರೆ. ಅದಕ್ಕಿಂತ ಹೆಚ್ಚಾಗಿ, ಇಂಥ ಚಿತ್ರ ಮಾಡುವವರಿಗೆ ಬರುವ ಕಾಸೇ ಕಮ್ಮಿ.

ಹಂತ 4: ಭಾಷೆಯ ತೊಡಕು

ಕನ್ನಡ ಸಬ್‌ಟೈಟಲ್ ಇರುವ ಹೊರದೇಶದ ಡಾಕ್ಯುಮೆಂಟರಿ ಸಿಗುವುದು ಅಪರೂಪ. ಯೂಟ್ಯೂಬನ್ನು ಕಂಪ್ಯೂಟರಿನಲ್ಲಿ ನೋಡುವಾಗ ಹಲ್ಲುಚಕ್ರದ ಗುರುತು ಒತ್ತಿ, ಸಬ್‌ಟೈಟಲ್‌ಗೆ ಹೋಗಿ, ಆಟೋ ಟ್ರಾನ್ಸ್‌ಲೇಟ್‌ನಲ್ಲಿ ಕನ್ನಡ ಆರಿಸಬಹುದು. ಬರುವ ಕನ್ನಡ ಅಷ್ಟಕ್ಕಷ್ಟೇ. ಹೆಸರುಗಳನ್ನೆಲ್ಲ ಅನುವಾದ ಮಾಡಿಬಿಡುತ್ತದೆ. ಕಥೆಯ ಎಳೆ ಹಿಡಿಯಲು ಸಾಕು, ಅಷ್ಟೆ.

ಸಬ್‌ಟೈಟಲ್ ಚಿತ್ರದ ಮೇಲೇ ಅಚ್ಚಾಗಿದ್ದರೆ ಈ ಉಪಾಯ ನಡೆಯುವುದಿಲ್ಲ. ಅದು ಅಕ್ಷರವಲ್ಲ, ಚಿತ್ರದ ಭಾಗ.

ಇಂಗ್ಲಿಷ್ ಓದದ ಮನೆಯವರಿಗೆ ಮಾತು ಕಮ್ಮಿ ಇರುವುದನ್ನು ಆರಿಸಿ. ಕಚ್ಛದ ಸಣ್ಣ ರಣ್‌ನಲ್ಲಿ ವರ್ಷಕ್ಕೆ ಎಂಟು ತಿಂಗಳು ಬಿಡಾರ ಹಾಕಿ ಉಪ್ಪು ಬೆಳೆಯುವ ಸಂಸಾರದ ಬಗ್ಗೆ 2013ರ 'ಮೈ ನೇಮ್ ಈಸ್ ಸಾಲ್ಟ್' ಇದೆ. ಅದಕ್ಕೆ ಸಬ್‌ಟೈಟಲ್ಲೇ ಬೇಡ ಅನ್ನಬಹುದು. ಮಳೆಗಾಲ ಬಂತೆಂದರೆ ಮಾಡಿದ್ದೆಲ್ಲ ನೀರಿನಡಿ, ಮತ್ತೆ ಮೊದಲಿಂದ.

ಹಂತ 5: ಕ್ಯಾಮೆರಾ ಯಾರ ಕೈಯಲ್ಲಿದೆ ಅಂತ ನೋಡಿ

ಬೇರೆ ಹಂತಗಳನ್ನು ಹಾರಿಸಿದರೂ ಪರವಾಗಿಲ್ಲ, ಇದನ್ನು ಹಾರಿಸಬೇಡಿ. ಡಾಕ್ಯುಮೆಂಟರಿ ಅಂದ ಮಾತ್ರಕ್ಕೆ ಇದ್ದದ್ದು ಇದ್ದ ಹಾಗೆ ಅಂತಲ್ಲ. ನೂರಾರು ಗಂಟೆ ಚಿತ್ರೀಕರಿಸಿ ಒಂದೂವರೆ ಗಂಟೆ ಉಳಿಸಿಕೊಂಡಿರುತ್ತಾರೆ, ಯಾವುದನ್ನು ಉಳಿಸಬೇಕು ಅಂತ ಯಾರೋ ಕೂತು ತೀರ್ಮಾನಿಸಿರುತ್ತಾರೆ.

ಹಳೆಯ ಉದಾಹರಣೆ ಒಂದು. 1922ರ 'ನನೂಕ್ ಆಫ್ ದಿ ನಾರ್ತ್', ರಾಬರ್ಟ್ ಫ್ಲಾಹರ್ಟಿ ಅವರದ್ದು. ಕೆನಡಾದ ಉತ್ತರದ ಹಿಮದಲ್ಲಿರುವ ಇನ್ಯುಯಿಟ್ ಜನರ ಬದುಕು. ಈ ಬಗೆಯ ಚಿತ್ರಗಳ ಚರಿತ್ರೆ ಹೇಳುವವರು ಸಾಮಾನ್ಯವಾಗಿ ಇಲ್ಲಿಂದಲೇ ಶುರು ಮಾಡುತ್ತಾರೆ. ನಾಯಕನ ನಿಜವಾದ ಹೆಸರು ಅಲ್ಲಾಕರಿಯಾಲಾಕ್. ಹಿಮದ ಮನೆಯೊಳಗೆ ಬೆಳಕು ಸಾಲದೆ ಫ್ಲಾಹರ್ಟಿ ಅರ್ಧ ಗೋಡೆ ಕತ್ತರಿಸಿದ ಮನೆ ಕಟ್ಟಿಸಿದರು. ಆ ಹೊತ್ತಿಗಾಗಲೇ ಆ ಜನರ ಕೈಯಲ್ಲಿ ಬಂದೂಕು ಇತ್ತು, ಚಿತ್ರದಲ್ಲಿ ಮಾತ್ರ ಈಟಿಯಲ್ಲಿ ಬೇಟೆ. ಗ್ರಾಮಫೋನ್ ಕಂಡು ಬೆರಗಾಗಿ ತಟ್ಟೆ ಕಚ್ಚಿ ನೋಡುವ ದೃಶ್ಯವೂ ನಟನೆಯೇ. ಹಾಗಂತ ನೋಡಬಾರದು ಅಂತ ನಾನು ಹೇಳುವುದಿಲ್ಲ. ಆದರೆ ಈ ಮಾತು ಹೇಳದೆ ಇನ್ನೊಬ್ಬರಿಗೆ ತೋರಿಸಬಾರದು.

ಹೊಸ ಉದಾಹರಣೆ ನಮ್ಮ ದೇಶದ್ದೇ. ಬುಂದೇಲ್‌ಖಂಡದಲ್ಲಿ ಹೆಂಗಸರೇ ನಡೆಸುವ ಸುದ್ದಿಸಂಸ್ಥೆ ಖಬರ್ ಲಹರಿಯಾ, ಅದರ ದಲಿತ ವರದಿಗಾರ್ತಿಯರ ಬಗ್ಗೆ ಬಂದ 'ರೈಟಿಂಗ್ ವಿತ್ ಫೈರ್' ಆಸ್ಕರ್ ನಾಮನಿರ್ದೇಶನದವರೆಗೆ ಹೋಯಿತು. 2022ರ ಆಸ್ಕರ್ ಸಮಾರಂಭಕ್ಕೆ ಕೆಲವೇ ದಿನ ಮೊದಲು ಖಬರ್ ಲಹರಿಯಾದವರೇ ಒಂದು ಹೇಳಿಕೆ ಕೊಟ್ಟರು: ಚಿತ್ರದಲ್ಲಿರುವುದು ನಮ್ಮ ಕೆಲಸದ ಒಂದು ಭಾಗ ಮಾತ್ರ, ನಾವು ಒಂದೇ ಪಕ್ಷದ ಬಗ್ಗೆ ವರದಿ ಮಾಡುವವರು ಅನ್ನುವ ಹಾಗೆ ಕಾಣುತ್ತಿದೆ, ಅದು ಸರಿಯಲ್ಲ ಅಂತ. ನನಗೆ ಚಿತ್ರ ಇಷ್ಟ. ಆ ಹೇಳಿಕೆಯೂ ಮುಖ್ಯ. ಎರಡನ್ನೂ ಒಟ್ಟಿಗೇ ಹೇಳುತ್ತೇನೆ.

ಇದನ್ನೆಲ್ಲ ಪತ್ತೆ ಮಾಡಲು ಅರ್ಧ ಗಂಟೆ ಸಾಕು. ಚಿತ್ರ ಮುಗಿದ ಮೇಲೆ ಓಡುವ ಹೆಸರುಗಳನ್ನು ನಿಲ್ಲಿಸಿ ಓದಿ, ದುಡ್ಡು ಕೊಟ್ಟವರು ಯಾರು ಅಂತ ಅಲ್ಲಿರುತ್ತದೆ. ಗಣಿ ಕಂಪನಿ ಹಣ ಹಾಕಿದ ಚಿತ್ರದಲ್ಲಿ ಗಣಿಯಿಂದ ಊರು ಉದ್ಧಾರವಾಯಿತು ಅಂತ ಬಂದರೆ ಆಶ್ಚರ್ಯ ಪಡಬೇಕಿಲ್ಲ ಅಲ್ವಾ? ನಿರ್ದೇಶಕರು ಆ ಜನರ ಜೊತೆ ಎಷ್ಟು ದಿನ ಇದ್ದರು ಅಂತ ಸಂದರ್ಶನಗಳಲ್ಲಿ ಹುಡುಕಿ. ಹನಿಲ್ಯಾಂಡ್‌ನವರು ಮೂರು ವರ್ಷ ಹೋಗಿ ಬಂದರು, ವಾರದಲ್ಲಿ ಮುಗಿಸಿದವರದ್ದು ಬೇರೆ ಥರವೇ ಇರುತ್ತದೆ. ಕೊನೆಗೆ, ಚಿತ್ರದಲ್ಲಿರುವ ಜನರೋ ಅವರ ಸಮುದಾಯದವರೋ ಚಿತ್ರದ ಬಗ್ಗೆ ಏನಂದರು ಅಂತ ನೋಡಿ. ಪ್ರಶಸ್ತಿಗಳ ಪಟ್ಟಿಯಲ್ಲಿ ಇದು ಸಿಗುವುದಿಲ್ಲ. ನೋಡುಗರು ಸಿನಿಮಾಗಳಿಗೆ ಅಂಕ ಕೊಡುವ ಐಎಂಡಿಬಿ ತಾಣದ ಅಂಕವನ್ನೂ ನಂಬಬೇಡಿ. ವಿವಾದದ ವಿಷಯವಾದರೆ ಚಿತ್ರ ನೋಡದವರೇ ಬಂದು ಒಂದೋ ಹತ್ತೋ ಕೊಟ್ಟು ಹೋಗಿರುತ್ತಾರೆ.

ಎರಡು ಪದ ಗೊತ್ತಿರಲಿ. ಅಬ್ಸರ್ವೇಶನಲ್ ಅಂದರೆ ಹಿನ್ನೆಲೆ ಮಾತಿಲ್ಲದೆ, ಪ್ರಶ್ನೆ ಕೇಳದೆ, ಸುಮ್ನೆ ನೋಡುತ್ತಾ ಕೂರುವ ಶೈಲಿ. ಮೊದಲ ಕಾಲು ಗಂಟೆ ಏನೂ ಆಗುತ್ತಿಲ್ಲ ಅನ್ನಿಸುತ್ತದೆ, ತಾಳ್ಮೆ ಬೇಕು. ರೀಎನಾಕ್ಟ್‌ಮೆಂಟ್ ಅಂದರೆ ನಡೆದುಹೋದದ್ದನ್ನು ಮತ್ತೆ ಮಾಡಿಸಿ ತೆಗೆಯುವುದು. ಮಾಡಿಸಿದ್ದು ಅಂತ ಹೇಳಿದ್ದರೆ ತಕರಾರಿಲ್ಲ.

ಹಂತ 6: ನೋಡಿದ ರಾತ್ರಿಯೇ ಬರೆದಿಡಿ

ಹೆಸರು, ನಿರ್ದೇಶಕರು, ವರ್ಷ, ಎಷ್ಟು ನಿಮಿಷ, ಯಾವ ಭಾಷೆ, ಎಲ್ಲಿ ನೋಡಿದಿರಿ. ಇದರ ಜೊತೆಗೆ ನೆನಪಿನಲ್ಲಿ ಉಳಿದ ಒಂದು ದೃಶ್ಯ. 'ಅದ್ಭುತ', 'ಮನಕಲಕುವ' ಅಂತ ಬರೆದಿಟ್ಟರೆ ಆರು ತಿಂಗಳಾದ ಮೇಲೆ ನಿಮಗೇ ಏನೂ ನೆನಪಾಗುವುದಿಲ್ಲ. ದೃಶ್ಯ ಬರೆದಿದ್ದರೆ ಚಿತ್ರವೇ ವಾಪಸ್ ಬರುತ್ತದೆ. ವರ್ಷ ಮರೆಯಬೇಡಿ. ರೈತರ ಆತ್ಮಹತ್ಯೆಗಳ ಬಗ್ಗೆ, ಪತ್ರಕರ್ತ ಪಿ. ಸಾಯಿನಾಥ್ ಅವರ ಬೆನ್ನು ಹಿಡಿದು ಹೋಗುವ 'ನೀರೋಸ್ ಗೆಸ್ಟ್ಸ್' ಇವತ್ತಿಗೂ ಚುರುಕು ಮುಟ್ಟಿಸುತ್ತದೆ, ಆದರೆ ಅದರಲ್ಲಿರುವ ಅಂಕಿಅಂಶ 2009ಕ್ಕಿಂತ ಹಿಂದಿನವು. ಅದನ್ನೇ ಇವತ್ತಿನ ಲೆಕ್ಕ ಅಂತ ಹೇಳಿಬಿಟ್ಟರೆ ನಗೆಪಾಟಲು.

ಹಂತ 7: ಹೇಳುವಾಗ ಒಂದೇ ಹೇಳಿ

ಹೇಳುವ ಮೊದಲು ಕೇಳಿ. ಯಾರ ಜೊತೆ ನೋಡುತ್ತೀರಿ? ಎಷ್ಟು ಹೊತ್ತು ಇದೆ? ಇತ್ತೀಚೆಗೆ ನೋಡಿ ಇಷ್ಟವಾಗಿದ್ದು ಯಾವುದು? ಈ ಮೂರಕ್ಕೆ ಉತ್ತರ ಸಿಕ್ಕರೆ ಅರ್ಧ ಕೆಲಸ ಆದಂತೆ.

ಆಮೇಲೆ ಒಂದೇ ಒಂದು ಹೆಸರು. ನಾನು ಕಳಿಸುವ ಮೆಸೇಜ್ ಹೀಗಿರುತ್ತದೆ:

"ಅಕ್ಕಾ, ಹನಿಲ್ಯಾಂಡ್ ಅಂತ. ಬೆಟ್ಟದ ಹಳ್ಳಿಯಲ್ಲಿ ಜೇನು ಸಾಕುವ ಹೆಂಗಸಿನ ಕಥೆ. ಒಂದೂವರೆ ಗಂಟೆ. ಮಾತು ಟರ್ಕಿಶ್, ಕೆಳಗೆ ಇಂಗ್ಲಿಷ್, ಆದ್ರೆ ಮಾತೇ ಕಮ್ಮಿ. ಹುಷಾರಿಲ್ಲದ ತಾಯಿ ಇದ್ದಾರೆ, ಕೊನೆಗೆ ಬೇಜಾರಾಗುತ್ತೆ. ಭಾವನೂ ಪೆಟ್ಟಿಗೆ ಇಟ್ಟಿದ್ದಾರಲ್ಲ, ಅವರ ಜೊತೆ ಕೂತು ನೋಡಿ. ಲಿಂಕ್ ಕೆಳಗಿದೆ."

ಎಷ್ಟು ಹೊತ್ತು, ಭಾಷೆ, ಎಲ್ಲಿ, ಏನು ನೋವಾಗಬಹುದು, ನಿಮಗೇ ಯಾಕೆ ಹೇಳುತ್ತಿದ್ದೇನೆ. ಇದರಲ್ಲಿ ಕೊನೆಯದ್ದು ಎಲ್ಲಕ್ಕಿಂತ ಮುಖ್ಯ. ಲಿಂಕ್ ಕಳಿಸುವ ಮೊದಲು ನೀವೇ ಒಮ್ಮೆ ಒತ್ತಿ ನೋಡಿ, ಚಿತ್ರಗಳು ಓಟಿಟಿಯಿಂದ ಹೇಳದೆ ಕೇಳದೆ ಮಾಯವಾಗುತ್ತವೆ.

ನೋವಿನ ವಿಷಯ ಮುಚ್ಚಿಡಬೇಡಿ. 1965–66ರ ಇಂಡೋನೇಷ್ಯಾದ ಹತ್ಯಾಕಾಂಡದ ಬಗ್ಗೆ 'ದಿ ಆಕ್ಟ್ ಆಫ್ ಕಿಲ್ಲಿಂಗ್' ಇದೆ, ಕೊಂದವರೇ ತಾವು ಹೇಗೆ ಕೊಂದೆವು ಅಂತ ಅಭಿನಯಿಸಿ ತೋರಿಸುತ್ತಾರೆ. ನಾನೊಮ್ಮೆ ಏನೂ ಹೇಳದೆ ಅದನ್ನು ಒಬ್ಬ ಗೆಳೆಯನಿಗೆ ಕೊಟ್ಟು, ಅವನು ಅದನ್ನು ಅಪ್ಪ ಅಮ್ಮನ ಜೊತೆ ಭಾನುವಾರ ಊಟದ ಹೊತ್ತಿಗೆ ಹಾಕಿ, ಆಮೇಲೆ ನಾನು ಕೇಳಿಸಿಕೊಂಡ ಬೈಗುಳ ಇಲ್ಲಿ ಬೇಡ.

ಡಾಕ್ಯುಮೆಂಟರಿಯನ್ನೇ ನೋಡಿರದವರಿಗೆ ಮೊದಲ ಸಲ ಎರಡು ಗಂಟೆಯದ್ದು ಕೊಡಬೇಡಿ. ಮುದುಮಲೈನ ಬೊಮ್ಮನ್, ಬೆಳ್ಳಿ ಮತ್ತು ಆನೆಮರಿಯ 'ದಿ ಎಲಿಫೆಂಟ್ ವಿಸ್ಪರರ್ಸ್' ಸುಮಾರು 40 ನಿಮಿಷ. ಬಂಡೀಪುರ ದಾಟಿದರೆ ಅದೇ ಕಾಡು. ಕಾಡಿನ ಚಿತ್ರ ಇಲ್ಲ ಅಂದಿದ್ದೆ ನಿಜ, ಆದರೆ ಇದು ಆನೆಗಿಂತ ಜಾಸ್ತಿ ಆ ಕಾಟುನಾಯಕ ದಂಪತಿಯ ಚಿತ್ರ.

ಮತ್ತೆ, ಮರುದಿನವೇ ಫೋನ್ ಮಾಡಿ "ನೋಡಿದ್ರಾ?" ಅಂತ ಪೀಡಿಸಬೇಡಿ.

ಹಂತ 8: ಹತ್ತು ಜನರಿಗೆ ತೋರಿಸುವುದಾದರೆ

ಮನೆಯಲ್ಲಿ ನೋಡಲು ಕಟ್ಟಿದ ಓಟಿಟಿ ಚಂದಾ ಶಾಲೆಯ ಹಾಲಿಗೋ ಸಂಘದ ಕೋಣೆಗೋ ನಡೆಯುವುದಿಲ್ಲ. ಸಾರ್ವಜನಿಕ ಪ್ರದರ್ಶನಕ್ಕೆ ಬೇರೆ ಒಪ್ಪಿಗೆ ಬೇಕು. ನೆಟ್‌ಫ್ಲಿಕ್ಸ್ ತನ್ನ ಕೆಲವು ಡಾಕ್ಯುಮೆಂಟರಿಗಳನ್ನು ಪಾಠಕ್ಕಾಗಿ ಒಂದು ಸಲ ತೋರಿಸಲು ಬಿಡುತ್ತದೆ, ಯಾವುದಕ್ಕೆ ಅಂತ ಅವರ ತಾಣದಲ್ಲಿ ನೋಡಿಕೊಳ್ಳಿ. ಉಳಿದವಕ್ಕೆ ನಿರ್ದೇಶಕರಿಗೋ ವಿತರಕರಿಗೋ ಬರೆಯಿರಿ. ಎಲ್ಲಿ, ಎಷ್ಟು ಜನ, ಟಿಕೆಟ್ ಇದೆಯೋ ಇಲ್ಲವೋ ಅಂತ ಮೊದಲೇ ತಿಳಿಸಿ. ಬೆಂಗಳೂರಿನ ದೀಪಾ ಧನರಾಜ್ ಥರದ ಹಿರಿಯ ನಿರ್ದೇಶಕರ ಚಿತ್ರಗಳು ಇಂಥ ಸಣ್ಣ ಕೋಣೆಗಳಲ್ಲಿ, ಸಂಘಗಳಲ್ಲಿ ಓಡಾಡಿಕೊಂಡೇ ಜನರನ್ನು ಮುಟ್ಟಿದ್ದು. ಕುಟುಂಬ ಯೋಜನೆಯ ಹೆಸರಲ್ಲಿ ಹೆಂಗಸರಿಗೆ ಏನಾಯಿತು ಅಂತ ತೋರಿಸುವ ಅವರ 1991ರ ಚಿತ್ರ 'ಸಮ್‌ಥಿಂಗ್ ಲೈಕ್ ಎ ವಾರ್' ಒಂದು ಗಂಟೆಯೂ ಇಲ್ಲ. ತೋರಿಸಿ, ಮಾತಾಡಿ, ಬಸ್ಸು ಹಿಡಿದು ಮನೆಗೆ ಹೋಗಲು ಹೊತ್ತು ಉಳಿಯುತ್ತದೆ.

ಹಿಂದಿನ ದಿನವೇ ಅದೇ ಕೋಣೆಯಲ್ಲಿ, ಅದೇ ಲ್ಯಾಪ್‌ಟಾಪ್‌ನಲ್ಲಿ ಐದು ನಿಮಿಷ ಓಡಿಸಿ ನೋಡಿ. ವೈಫೈ ನಂಬಬೇಡಿ, ಒಪ್ಪಿಗೆ ಕೇಳುವಾಗಲೇ ಫೈಲ್ ಕೊಡುತ್ತೀರಾ ಅಂತಲೂ ಕೇಳಿ. ದನಿ ಕೊನೆಯ ಸಾಲಿಗೆ ಕೇಳಬೇಕು, ಲ್ಯಾಪ್‌ಟಾಪಿನ ಸ್ಪೀಕರ್ ಸಾಲದು. ಪರದೆಯನ್ನು ಸ್ವಲ್ಪ ಎತ್ತರಕ್ಕೆ ಕಟ್ಟಿ. ಸಬ್‌ಟೈಟಲ್ ಬರುವುದು ಕೆಳಗೆ, ಮುಂದೆ ಕೂತವರ ತಲೆ ಅಡ್ಡ ಬಂದರೆ ಹಿಂದಿನ ಸಾಲಿನವರು ಹತ್ತೇ ನಿಮಿಷಕ್ಕೆ ಎದ್ದು ಚಹಾಕ್ಕೆ ಹೋಗುತ್ತಾರೆ.